ಕಳ್ಳ ಕಾಣತಾನ, ಮುಖ ಕಾಣವಲ್ದು

ಕಡಲೆ ರಾಶಿ ಮುಗಿದು ಕಾಳು ಪೇಟೆಗೆ ಬರುವ ಹೊತ್ತು. ನರೇಗಲ್ಲಿನಲ್ಲಿರುವ ನಮ್ಮ ಸೋದರಮಾವನ ಕಾಳಿನ ಅಂಗಡಿಯ ಹಿತ್ತಲಿನಿಂದ ಒಂದು ರಾತ್ರಿ ಐದು ಚೀಲ ಕಡಲೆ ಕಾಣೆಯಾದವು. ಮಾವನಿಗೆ ಅಂಥ ಗಾಬರಿಯೇನೂ ಆಗಲಿಲ್ಲ. ದೀಪಾವಳಿಗೇ ನಾಲ್ಕು ಸಿಸಿ ಕ್ಯಾಮೆರಾ ಹಾಕಿಸಿದ್ದರು. ಓಣಿಯ ಹತ್ತು ಮಂದಿಯನ್ನು ಕೂಡಿಸಿ, ಟಿವಿ ಹಚ್ಚಿ, ರಾತ್ರಿ ಎರಡರ ದೃಶ್ಯ ಹಾಕಿದರು. ಒಬ್ಬ ಗೋಡೆ ಹಾರಿ ಬಂದ, ಚೀಲ ಹೊತ್ತ, ಹೋದ, ಮತ್ತೆ ಬಂದ. ಐದು ಸಲ. ಮುಖವಿರಬೇಕಾದ ಜಾಗದಲ್ಲಿ ಒಂದು ಬಿಳಿ ಕಲೆ. "ಕಳ್ಳ ಬಂದದ್ದು ಕಾಣತೈತಿ ಅಳಿಯಾ, ಕಳ್ಳ ಯಾರಂತ ಕಾಣವಲ್ದು" ಎಂದು ಮಾವ ನನಗೆ ಫೋನ್ ಮಾಡಿದರು. ಕ್ಯಾಮೆರಾ ಮಾರಿದವನು ಐದು ಮೆಗಾಪಿಕ್ಸೆಲ್ಲಿನದು ಎಂದೇ ಹೇಳಿ ಕೊಟ್ಟಿದ್ದ, ಅದು ಸುಳ್ಳೂ ಆಗಿರಲಿಲ್ಲ.

ಆಮೇಲೆ ಮಾವನ ಅದೇ ಮನೆ-ಅಂಗಡಿಗೆ ಹೊಸದಾಗಿ ಕ್ಯಾಮೆರಾ ಹಾಕಿಸುವ ಕೆಲಸ ನನ್ನ ಹೆಗಲಿಗೆ ಬಿತ್ತು. ಆಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೆಲೆಯನ್ನು ಬರೆಯುವುದಿಲ್ಲ. ಅದು ಗದಗಿನಲ್ಲಿ ಒಂದು, ಹುಬ್ಬಳ್ಳಿಯಲ್ಲಿ ಒಂದು, ಮೊಬೈಲಿನಲ್ಲಿ ಇನ್ನೊಂದು.

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆಯ ಮೇಲೆ ಮನೆಯ ನಕ್ಷೆ ಬರೆದು, ಕ್ಯಾಮೆರಾ ಬರುವ ಪ್ರತಿ ಜಾಗದಲ್ಲೂ ಒಂದು ಪ್ರಶ್ನೆ ಬರೆದುಕೊಳ್ಳಬೇಕು. ಇಲ್ಲಿ ನನಗೆ 'ಏನಾಯಿತು' ಎಂದು ತಿಳಿದರೆ ಸಾಕೋ, 'ಯಾರು' ಎಂದು ತಿಳಿಯಬೇಕೋ? ಎತ್ತು ಹಗ್ಗ ಬಿಚ್ಚಿಕೊಂಡಿತೇ, ಲಾರಿ ಬಂತೇ, ಬಾಗಿಲು ತೆರೆದಿದೆಯೇ ಎಂಬುದೆಲ್ಲ 'ಏನು' ಎಂಬ ಪ್ರಶ್ನೆ. ಅದಕ್ಕೆ ಅಗಲ ನೋಟ ಬೇಕು. ಚೀಲ ಹೊತ್ತವನು ಯಾರು, ಗಲ್ಲಾಪೆಟ್ಟಿಗೆಗೆ ಕೈ ಹಾಕಿದವನು ಯಾರು ಎಂಬುದಕ್ಕೆ ಇಕ್ಕಟ್ಟಾದ, ಹತ್ತಿರದ ನೋಟ ಬೇಕು. ಒಂದೇ ಕ್ಯಾಮೆರಾದಿಂದ ಎರಡೂ ಸಿಗಲಿ ಎಂದು ಹೋದರೆ ಮಾವನಿಗೆ ಸಿಕ್ಕಂತೆ ಬಿಳಿ ಕಲೆ ಸಿಗುತ್ತದೆ.

ಇದನ್ನು ನಿರ್ಧರಿಸುವುದು ಲೆನ್ಸು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮೆಗಾಪಿಕ್ಸೆಲ್ ಇರುತ್ತದೆ, 2.8 ಎಂಎಂ, 3.6 ಎಂಎಂ, 6 ಎಂಎಂ ಎಂಬುದು ಸಣ್ಣಕ್ಷರದಲ್ಲಿ ಎಲ್ಲೋ ಮೂಲೆಯಲ್ಲಿರುತ್ತದೆ. ಕಣ್ಣು ಹಾಯಬೇಕಾದದ್ದು ಆ ಮೂಲೆಗೆ. 2.8 ಎಂಎಂ ಲೆನ್ಸು ಸುಮಾರು ನೂರು ಡಿಗ್ರಿ ಅಗಲವನ್ನು ಬಾಚಿಕೊಳ್ಳುತ್ತದೆ. 6 ಎಂಎಂ ಅದರ ಅರ್ಧ, 12 ಎಂಎಂ ಇನ್ನೂ ಅರ್ಧ. ಸಂಖ್ಯೆ ಹೆಚ್ಚಿದಷ್ಟೂ ನೋಟ ಇಕ್ಕಟ್ಟಾಗುತ್ತದೆ, ದೂರದ್ದು ಹತ್ತಿರ ಬರುತ್ತದೆ.

ಈಗ ಸ್ವಲ್ಪ ಲೆಕ್ಕ. ಅಪರಿಚಿತನೊಬ್ಬನ ಮುಖವನ್ನು ಇವನೇ ಎಂದು ಬೊಟ್ಟು ಮಾಡಿ ಹೇಳಬೇಕಾದರೆ ಅವನು ನಿಂತ ಜಾಗದಲ್ಲಿ ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೀಳಬೇಕು ಎಂದು ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿ ಹೇಳಿತ್ತು. ಮೊದಲೇ ಪರಿಚಯವಿದ್ದವನಾದರೆ 125 ಸಾಕು. ಯಾರೋ ಒಬ್ಬ ಮನುಷ್ಯ ಬಂದ ಎನ್ನಲು 25 ಇದ್ದರೂ ಆಯಿತು. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 1920 ಪಿಕ್ಸೆಲ್. ಅದನ್ನು 250ರಿಂದ ಭಾಗಿಸಿದರೆ ಏಳೂವರೆ ಮೀಟರಿನಷ್ಟು ಅಗಲ ಬರುತ್ತದೆ. 2.8 ಎಂಎಂ ಲೆನ್ಸಿನಲ್ಲಿ ನೋಟ ಅಷ್ಟು ಅಗಲವಾಗುವುದು ಮೂರು ಮೀಟರ್ ಚಿಲ್ಲರೆ ದೂರಕ್ಕೇ, ಅಂದರೆ ಹತ್ತು ಅಡಿಗೆ. ಹತ್ತು ಅಡಿಯಾಚೆ ನಿಂತವನು ಆ ಕ್ಯಾಮೆರಾದ ಪಾಲಿಗೆ ಗುರುತು ಸಿಗದವನು. ಅದೇ ಕ್ಯಾಮೆರಾಕ್ಕೆ 6 ಎಂಎಂ ಲೆನ್ಸಿದ್ದರೆ ಎಂಟು ಮೀಟರ್, 12 ಎಂಎಂ ಇದ್ದರೆ ಸುಮಾರು ಹದಿನೇಳು ಮೀಟರ್ ದೂರದವರೆಗೆ ಮುಖ ಸಿಗುತ್ತದೆ. ಮಾವ ದುಡ್ಡು ಹೆಚ್ಚು ಕೊಟ್ಟು ಎರಡರ ಬದಲು ಐದು ಮೆಗಾಪಿಕ್ಸೆಲ್ ತಂದಿದ್ದರಲ್ಲ, ಅದರಿಂದ ಆದ ಲಾಭವನ್ನೂ ಇದೇ ಲೆಕ್ಕದಲ್ಲಿ ನೋಡಿ. ಹತ್ತು ಅಡಿ ಇದ್ದದ್ದು ಹದಿನಾಲ್ಕು ಅಡಿಯಾಯಿತು, ಅಷ್ಟೇ. ಅವರ ಹಿತ್ತಲು ನಲವತ್ತು ಅಡಿ ಉದ್ದ.

ಇದೂ ಹಗಲಿನ ಲೆಕ್ಕ. ಕತ್ತಲಲ್ಲಿ ಇದರಲ್ಲಿ ಇನ್ನಷ್ಟು ಸೋರಿಹೋಗುತ್ತದೆ. ಸೆನ್ಸರಿನ ಗಾತ್ರ ಅಷ್ಟೇ ಇದ್ದು ಪಿಕ್ಸೆಲ್ ಮಾತ್ರ ಹೆಚ್ಚಾದರೆ ಒಂದೊಂದು ಪಿಕ್ಸೆಲ್ಲಿಗೆ ಬೀಳುವ ಬೆಳಕು ಕಡಿಮೆಯಾಗುತ್ತದೆ. ಅಗ್ಗದ ಐದು ಮೆಗಾಪಿಕ್ಸೆಲ್ಲಿಗಿಂತ ಒಳ್ಳೆಯ ಎರಡು ಮೆಗಾಪಿಕ್ಸೆಲ್ ರಾತ್ರಿ ಚೆನ್ನಾಗಿ ಕಂಡರೆ ಆಶ್ಚರ್ಯ ಪಡಬೇಕಾಗಿಲ್ಲ.

ಎತ್ತರದ ವಿಷಯದಲ್ಲೂ ನಮ್ಮವರು ಎಡವುತ್ತಾರೆ. ಕೈಗೆ ಸಿಗಬಾರದು ಎಂದು ಹದಿನಾಲ್ಕು ಅಡಿ ಮೇಲೆ, ಮಾಳಿಗೆಯ ಅಂಚಿಗೆ ಹೊಡೆಯುತ್ತಾರೆ. ಅಲ್ಲಿಂದ ಕಾಣುವುದು ಟೋಪಿ, ಪಟಗ, ಬೋಳುತಲೆ. 'ಯಾರು' ಎಂದು ಕೇಳುವ ಕ್ಯಾಮೆರಾ ಏಳೆಂಟು ಅಡಿ ಎತ್ತರದಲ್ಲಿರಬೇಕು. ಮನುಷ್ಯ ಎದುರಾಗಿ ನಡೆದುಬರುವಂಥ ಇಕ್ಕಟ್ಟಾದ ಜಾಗಕ್ಕೇ ಅದು ಮುಖ ಮಾಡಿರಬೇಕು: ತಲಬಾಗಿಲು, ಹಿತ್ತಲ ಬಾಗಿಲು, ಗಲ್ಲಾದ ಎದುರು. ಕೈಗೆ ಸಿಗುತ್ತದೆಂಬ ಭಯವಿದ್ದರೆ ಎತ್ತರದ ಇನ್ನೊಂದು ಕ್ಯಾಮೆರಾ ಇದನ್ನು ಕಾಯಲಿ.

ಆ ಬಿಳಿ ಕಲೆ ಎಲ್ಲಿಂದ ಬಂತು? ರಾತ್ರಿ ಕ್ಯಾಮೆರಾದ ಸುತ್ತ ಮಿಣಕ್ಕನೆ ಕೆಂಪಾಗಿ ಉರಿಯುವ ಇನ್‌ಫ್ರಾರೆಡ್ ದೀಪಗಳದ್ದು ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಬೆಳಕು. ಹತ್ತಿರ ಬಂದ ಮುಖದ ಮೇಲೆ, ಪಕ್ಕದ ಸುಣ್ಣದ ಗೋಡೆಯ ಮೇಲೆ ಅದು ಹೊಡೆದು ತಿರುಗಿ ಬರುತ್ತದೆ. ಗೋಡೆ ಬೆಳ್ಳಗೆ ಹೊಳೆದರೆ ಕ್ಯಾಮೆರಾ ಒಟ್ಟು ಚಿತ್ರವನ್ನೇ ಕತ್ತಲೆ ಮಾಡಿಕೊಳ್ಳುತ್ತದೆ. ಆದ್ದರಿಂದ ಬಿಳಿ ಗೋಡೆಗೆ ಒತ್ತಿ ಕ್ಯಾಮೆರಾ ಹಾಕಬಾರದು. ನಮ್ಮಲ್ಲಿ ಇನ್ನೂ ಒಂದು ಕಾರಣವಿತ್ತು. ಆ ದೀಪಕ್ಕೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಜೇಡ ಲೆನ್ಸಿನ ಮುಂದೆಯೇ ಬಲೆ ನೇಯುತ್ತದೆ. ಹಗಲು ಕಾಣದ ಆ ಒಂದೆಳೆ ನೂಲು ರಾತ್ರಿ ಬಿಳಿ ಹಗ್ಗದಂತೆ ಹೊಳೆಯುತ್ತದೆ. ಮಾವನ ಕ್ಯಾಮೆರಾದ ಮೇಲೆ ದೀಪಾವಳಿಯಿಂದ ಯಾರೂ ಬಟ್ಟೆ ಆಡಿಸಿರಲಿಲ್ಲ. ಜೊತೆಗೆ ನಮ್ಮ ಎರಿ ಹೊಲದ ಧೂಳು. ಟ್ರ್ಯಾಕ್ಟರ್ ಒಂದು ಸಲ ಓಣಿಯಲ್ಲಿ ಹಾದರೆ ಒಂದು ಪದರ ಕೂರುತ್ತದೆ. ಅದನ್ನು ಒಣ ಟಾವೆಲ್ಲಿನಿಂದ ಉಜ್ಜಿದರೆ ಗಾಜು ಗೀರುತ್ತದೆ. ಮೊದಲು ನೀರು ಚಿಮುಕಿಸಿ, ಆಮೇಲೆ ಮೆತ್ತನೆ ಬಟ್ಟೆ. ಹೊರಗಿನ ಕ್ಯಾಮೆರಾದ ಪೆಟ್ಟಿಗೆಯ ಮೇಲೆ ಐಪಿ 66 ಅಥವಾ 67 ಎಂದಿರಬೇಕು. ಅದರಲ್ಲಿ ಮೊದಲಿನ 6 ಧೂಳಿನದು, ಎರಡನೆಯದು ನೀರಿನದು. ಪಾರದರ್ಶಕ ಬುರುಡೆಯ ಡೋಮ್ ಕ್ಯಾಮೆರಾವನ್ನು ಅಂಗಡಿಯ ಒಳಗೆ ಇಟ್ಟುಕೊಳ್ಳಿ. ಹೊರಗೆ ಬುರುಡೆಯ ಮೇಲೆ ಧೂಳು ಕೂತರೆ ಇನ್‌ಫ್ರಾರೆಡ್ ಬೆಳಕು ಅಲ್ಲೇ ಚದುರಿ ಎಲ್ಲ ಮಂಜಾಗುತ್ತದೆ. ಹೊರಗೆ ಕೊಳವೆಯಾಕಾರದ ಬುಲೆಟ್ ಕ್ಯಾಮೆರಾವೇ ವಾಸಿ.

ಈಗ ಬಿಳಿ ದೀಪ ಹೊತ್ತಿಸಿ ರಾತ್ರಿಯೂ ಬಣ್ಣದ ಚಿತ್ರ ಕೊಡುವ ಕ್ಯಾಮೆರಾಗಳು ಬಂದಿವೆ. ಕಳ್ಳನ ಅಂಗಿ ಕೆಂಪೋ ಹಸಿರೋ ಎಂದು ಪೊಲೀಸರು ಮೊದಲು ಕೇಳುತ್ತಾರೆ. ಕಪ್ಪುಬಿಳುಪಿನಲ್ಲಿ ಅದು ತಿಳಿಯುವುದಿಲ್ಲ. ಹಿತ್ತಲಿಗೆ ನಾನು ಇದನ್ನೇ ಆರಿಸಿದೆ. ಆದರೆ ಆಚೆಮನೆಯವರ ಕಿಟಕಿಗೆ ರಾತ್ರಿಯಿಡೀ ಬೆಳಕು ಹೊಡೆದರೆ ಜಗಳ ತಪ್ಪಿದ್ದಲ್ಲ.

ಅಂಗಡಿಯ ಒಳಗಿನ ಕಷ್ಟ ಬೇರೆ. ಗಲ್ಲಾದ ಹಿಂದಿನಿಂದ ಬಾಗಿಲ ಕಡೆ ನೋಡುವ ಕ್ಯಾಮೆರಾಕ್ಕೆ ನಮ್ಮ ಬಯಲುಸೀಮೆಯ ಬಿಸಿಲು ಎದುರಾಗುತ್ತದೆ. ಬಂದ ಗಿರಾಕಿಯೆಲ್ಲ ಕರಿ ನೆರಳು. ಇಂಥ ಕಡೆ ಡಬ್ಲ್ಯೂಡಿಆರ್ ಇರುವ ಕ್ಯಾಮೆರಾ ಬೇಕು. ಹೆಚ್ಚು ಬೆಳಕಿಗೊಂದು, ಕಡಿಮೆ ಬೆಳಕಿಗೊಂದು ಚಿತ್ರ ಹಿಡಿದು ಅದು ಎರಡನ್ನೂ ಕೂಡಿಸುತ್ತದೆ. ಆದರೆ ಹೆಸರು ಮೋಸ ಮಾಡುತ್ತದೆ. ಡಿಜಿಟಲ್ ಡಬ್ಲ್ಯೂಡಿಆರ್ ಎಂದು ಬರೆದದ್ದು ಬರೀ ಚಿತ್ರವನ್ನು ಬೆಳ್ಳಗೆ ಮಾಡುವ ಆಟ. 120 ಡಿಬಿ ಎಂದು ನಮೂದಿಸಿದ್ದನ್ನು ಕೇಳಿ.

ಇನ್ನು ದೃಶ್ಯ ಬರೆದಿಡುವ ಪೆಟ್ಟಿಗೆ ಡಿವಿಆರೋ ಎನ್‌ವಿಆರೋ ಎಂಬ ಪ್ರಶ್ನೆ. ಡಿವಿಆರ್‌ಗೆ ಟಿವಿ ಕೇಬಲ್ಲಿನಂಥ ಕೋಆಕ್ಸಿಯಲ್ ತಂತಿ. ಎನ್‌ವಿಆರ್‌ಗೆ ಕಂಪ್ಯೂಟರಿನ ಕ್ಯಾಟ್ 6 ತಂತಿ, ಅದರಲ್ಲೇ ಚಿತ್ರ, ಅದರಲ್ಲೇ ಕರೆಂಟು. ಶಾಲೆ, ಕಾಲೇಜು, ಕಲ್ಯಾಣ ಮಂಟಪದಂಥ ಹತ್ತಿಪ್ಪತ್ತು ಕ್ಯಾಮೆರಾದ ಜಾಗಕ್ಕೆ ಎರಡನೆಯದು ಸರಿ. ಆದರೆ ಕ್ಯಾಟ್ 6 ತಂತಿ ನೂರು ಮೀಟರ್ ದಾಟಿದರೆ ನಡುವೆ ನೆಟ್‌ವರ್ಕ್ ಸ್ವಿಚ್ ಬೇಕಾಗುತ್ತದೆ. ನಾಲ್ಕಾರು ಕ್ಯಾಮೆರಾದ ಮನೆ, ಅಂಗಡಿಗೆ ಡಿವಿಆರ್ ಸಾಕು ಎಂಬುದು ನನ್ನ ಅಭಿಪ್ರಾಯ. ಅಗ್ಗ ಎಂಬುದಕ್ಕಿಂತ, ಕೆಟ್ಟಾಗ ರಿಪೇರಿ ಮಾಡುವವನು ನರೇಗಲ್ಲಿನಲ್ಲೋ ರೋಣದಲ್ಲೋ ಸಿಗುತ್ತಾನೆ, ಗಜೇಂದ್ರಗಡದಲ್ಲಂತೂ ಸಿಗುತ್ತಾನೆ. ನಾಲ್ಕು ಕ್ಯಾಮೆರಾ ಹಾಕುವುದಾದರೂ ಎಂಟು ಚಾನೆಲ್ಲಿನದನ್ನೇ ತನ್ನಿ. ಐದನೆಯದು ಬೇಕಾಗಿಯೇ ಆಗುತ್ತದೆ.

ತಂತಿಯಿಲ್ಲದ ವೈಫೈ ಕ್ಯಾಮೆರಾದ ಜಾಹೀರಾತು ನೋಡಿ ಮಾವ ಮನಸ್ಸು ಮಾಡಿದ್ದರು. ನಮ್ಮ ಕಡೆಯ ಹಳೆ ಮನೆಗಳ ಗೋಡೆ ಎರಡಡಿ ದಪ್ಪ, ಕಲ್ಲು ಮಣ್ಣು ಕೂಡಿದ್ದು. ಪಡಸಾಲೆಯ ವೈಫೈ ಅಡುಗೆಮನೆಗೇ ಮುಟ್ಟುವುದಿಲ್ಲ, ಹಿತ್ತಲು ದೂರವೇ ಉಳಿಯಿತು. ಆ ಗೋಡೆಗೆ ಡ್ರಿಲ್ ಹಾಕುವುದೂ ಕಷ್ಟ, ಮಣ್ಣು ಉದುರುತ್ತದೆ. ಕ್ಯಾಮೆರಾ ಕೂರಿಸಲು ಬಂದ ಹುಡುಗ ತಂತಿಯನ್ನು ಬೆಳಕಿಂಡಿಯಿಂದ ಮಾಳಿಗೆಗೆ ಎತ್ತಿ, ಪಿವಿಸಿ ಪೈಪಿನೊಳಗೆ ಸುತ್ತು ಹಾಕಿ ಇಳಿಸಿದ. ಗೋಡೆಗೆ ಒಂದೇ ತೂತು. ಪೈಪು ಬೇಡವೆಂದು ಹಣ ಉಳಿಸಬೇಡಿ. ಬಿಸಿಲಿಗೆ ತಂತಿಯ ಹೊದಿಕೆ ಸೀಳುತ್ತದೆ, ಉಳಿದದ್ದನ್ನು ಇಲಿ ನೋಡಿಕೊಳ್ಳುತ್ತದೆ.

ತಂತಿ ಕೊಳ್ಳುವಾಗ ಜೇಬಿನಲ್ಲಿ ಬ್ಲೇಡಿರಲಿ. ರೋಲಿನ ತುದಿ ಸುಲಿದು ಎಳೆಯನ್ನು ಕೆರೆಯಿರಿ. ತಾಮ್ರದ ಬಣ್ಣ ಹೋಗಿ ಬೆಳ್ಳಗಾದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಅಂಥ ತಂತಿಯಲ್ಲಿ 12 ವೋಲ್ಟ್ ಹೊರಟರೆ ದೂರದ ಕ್ಯಾಮೆರಾಕ್ಕೆ ಹತ್ತೋ ಹತ್ತೂವರೆಯೋ ಮುಟ್ಟುತ್ತದೆ. ಹಗಲು ಎಲ್ಲ ಚೆನ್ನಾಗಿರುತ್ತದೆ. ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತಿ ಕರೆಂಟು ಹೆಚ್ಚು ಎಳೆದಾಗ ಕ್ಯಾಮೆರಾ ಮಿಣುಕುತ್ತದೆ, ಆರುತ್ತದೆ, ಮತ್ತೆ ಹೊತ್ತುತ್ತದೆ. 'ಹಗಲ ಚಲೋ ಬರ್ತೈತಿ, ರಾತ್ರಿ ಬಂದ್ ಆಕ್ಕೈತಿ' ಎಂಬ ದೂರಿಗೆ ಹತ್ತರಲ್ಲಿ ಎಂಟು ಸಲ ತಂತಿ ಅಥವಾ ಪವರ್ ಸಪ್ಲೈ ಕಾರಣ. ಜನ ಮಾತ್ರ ಕ್ಯಾಮೆರಾವನ್ನೇ ಬದಲಿಸುತ್ತಾರೆ.

ಕರೆಂಟಿನ ಮಾತು ಬಂತಲ್ಲ. ಹೆಸ್ಕಾಂ ಸೀಮೆಯಲ್ಲಿ ಬಾಳುವವರಿಗೆ ಲೈನು ಹೋಗುವುದು, ಬರುವಾಗ ಜೋರಾಗಿ ಬರುವುದು ಹೊಸದಲ್ಲ. ಕಳ್ಳನಿಗೂ ಹೊಸದಲ್ಲ, ಮೀಟರ್ ಬೋರ್ಡಿನ ಫ್ಯೂಸು ಕಿತ್ತರೆ ಅವನ ಕೆಲಸ ಮುಗಿಯಿತು. ನಾಲ್ಕು ಕ್ಯಾಮೆರಾ ರಾತ್ರಿ ತಲಾ ನಾಲ್ಕು ವಾಟ್, ಡಿವಿಆರ್ ಹಾರ್ಡ್‌ಡಿಸ್ಕ್ ಸೇರಿ ಹದಿನೈದು ವಾಟ್, ಒಟ್ಟು ಮೂವತ್ತರ ಸುಮಾರು. ಕಂಪ್ಯೂಟರಿನ ಸಣ್ಣ ಯುಪಿಎಸ್‌ನಲ್ಲಿ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಗುಣಿಸಿದರೆ 84 ವಾಟ್-ಅವರ್. ಕಾಗದದ ಮೇಲೆ ಎರಡೂವರೆ ತಾಸು, ನಿಜದಲ್ಲಿ ಅದರ ಅರ್ಧ. ಮನೆಯಲ್ಲಿ 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಇದ್ದರೆ ಒಂದು ಫ್ಯಾನಿನ ಜೊತೆಗೂ ಇಡೀ ರಾತ್ರಿ ಸಾಗುತ್ತದೆ. ಅದರ ಸ್ವಿಚ್ಚನ್ನು ರಾತ್ರಿ ಯಾರೂ ಆರಿಸದಂತೆ ನೋಡಿಕೊಂಡರಾಯಿತು. ನಮ್ಮ ಅತ್ತೆಗೆ ಆ ಅಭ್ಯಾಸವಿತ್ತು. ಬಯಲಿನಲ್ಲಿ ಕಂಬದ ಮೇಲೆ ಕ್ಯಾಮೆರಾ ಇದ್ದರೆ ಅರ್ಥಿಂಗ್ ಸರಿಯಾಗಿರಲಿ. ರೋಹಿಣಿ ಮಳೆಯ ಸಿಡಿಲಿಗೆ ಒಂದೇ ಹೊಡೆತದಲ್ಲಿ ಡಿವಿಆರ್ ಹೋದದ್ದನ್ನು ನೋಡಿದ್ದೇನೆ.

ಹಾರ್ಡ್‌ಡಿಸ್ಕನ್ನು ಹಗೇವಿಗೆ ಹೋಲಿಸಿ ಮಾವನಿಗೆ ತಿಳಿಸಿದೆ. ಹಗೇವು ತುಂಬಿದರೆ ಹೊಸ ಜೋಳ ಹೊರಗುಳಿಯುತ್ತದೆ. ಇಲ್ಲಿ ಹಾಗಲ್ಲ, ಹೊಸದು ಒಳಗೆ ಬಂದು ಹಳೆಯದನ್ನು ಅಳಿಸುತ್ತದೆ. ಎಷ್ಟು ದಿನದ ಹಳೆಯದು ಉಳಿದಿರಬೇಕು ಎಂಬುದರ ಮೇಲೆ ಅಳತೆ. ಎರಡು ಮೆಗಾಪಿಕ್ಸೆಲ್ಲಿನ ಒಂದು ಕ್ಯಾಮೆರಾ ಹಳೆಯ ಎಚ್.264 ವಿಧಾನದಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ಬರೆಯುತ್ತದೆ ಎಂದುಕೊಳ್ಳಿ. ದಿನಕ್ಕೆ 21 ಜಿಬಿ ಮೇಲಾಯಿತು, ನಾಲ್ಕಕ್ಕೆ 86. ಒಂದು ಟಿಬಿ ಡಿಸ್ಕು ಹನ್ನೊಂದು ದಿನಕ್ಕೆ ತುಂಬುತ್ತದೆ. ಎಚ್.265 ಇದ್ದರೆ ಹೆಚ್ಚುಕಡಿಮೆ ಅರ್ಧ ಸಾಕು, ಇಪ್ಪತ್ತೆರಡು ದಿನ. ಎರಡು ಟಿಬಿ ಹಾಕಿದರೆ ನಲವತ್ತು ದಾಟುತ್ತದೆ. ಕಾಳಿನ ವ್ಯಾಪಾರದಲ್ಲಿ ಚೀಲ ಎಣಿಸುವುದು ತಿಂಗಳಿಗೊಮ್ಮೆ; ಕಳುವಾದದ್ದು ತಿಳಿಯುವ ಹೊತ್ತಿಗೆ ದೃಶ್ಯ ಅಳಿಸಿಹೋಗಿದ್ದರೆ ಎಲ್ಲ ದಂಡ. ನೂರು ಮಂದಿ ಒಟ್ಟಿಗೆ ಅಥವಾ ದಿನಕ್ಕೆ ಐನೂರು ಮಂದಿ ಸೇರುವ ಜಾಗಗಳಿಗಂತೂ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಮೂವತ್ತು ದಿನದ ದೃಶ್ಯ ಇಡಬೇಕೆನ್ನುತ್ತದೆ.

ಡಿಸ್ಕು ಕಂಪ್ಯೂಟರಿನದಾಗಬಾರದು. ಹಗಲೂ ರಾತ್ರಿ ಬರೆಯಲೆಂದೇ ಮಾಡಿದ ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್‌ನಂಥವು ಬೇರೆಯೇ ಇವೆ. ಹಳೆಯದನ್ನು ಒರೆಸಿ ಹೊಸ ಸ್ಟಿಕ್ಕರ್ ಅಂಟಿಸಿದ ಡಿಸ್ಕೂ ಪೇಟೆಯಲ್ಲಿದೆ. ಕಂಪನಿಯ ಜಾಲತಾಣದಲ್ಲಿ ಸೀರಿಯಲ್ ನಂಬರ್ ಹೊಡೆದು ವಾರಂಟಿ ಎಷ್ಟು ಉಳಿದಿದೆ ನೋಡಿಯೇ ದುಡ್ಡು ಕೊಡಿ. ಕ್ಯಾಮೆರಾಕ್ಕೂ ಹೀಗೆ ಒಂದು ಪರೀಕ್ಷೆಯಿದೆ. ಕೇಂದ್ರ ಸರ್ಕಾರ 2024ರ ಏಪ್ರಿಲ್ 9ರಂದು ಹೊರಡಿಸಿದ ಅಧಿಸೂಚನೆಯಂತೆ ಸಿಸಿಟಿವಿ ಕ್ಯಾಮೆರಾಗಳು ಸೈಬರ್ ಭದ್ರತೆಯ ಪರೀಕ್ಷೆ ಪಾಸಾಗಿರಬೇಕು. 2025ರ ಏಪ್ರಿಲ್ 9ರಿಂದ ಅದು ಜಾರಿಯಲ್ಲಿದೆ. ಪೆಟ್ಟಿಗೆಯ ಮೇಲಿನ, 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲು ನಕಲು ತಿಳಿಯುತ್ತದೆ. ಹಳೆ ಸ್ಟಾಕನ್ನು ಅರ್ಧ ಬೆಲೆಗೆ ಕೊಡುತ್ತೇನೆ ಎನ್ನುವವರು ಸಿಗುತ್ತಾರೆ, ಎಚ್ಚರ.

ಸೈಬರ್ ಭದ್ರತೆ ಎಂದರೆ ದೊಡ್ಡ ಊರಿನ ಮಾತು ಎಂದುಕೊಳ್ಳಬೇಡಿ. 2016ರಲ್ಲಿ ಮಿರಾಯ್ ಎಂಬ ವೈರಸ್ ಲೋಕದ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳೊಳಗೆ ಹೊಕ್ಕು, ಅವನ್ನೇ ದಂಡು ಕಟ್ಟಿಕೊಂಡು ದೊಡ್ಡ ದೊಡ್ಡ ಜಾಲತಾಣಗಳನ್ನು ಕೆಡವಿತು. ಬೀಗ ಮುರಿದು ಹೊಕ್ಕದ್ದಲ್ಲ. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. ಹುಡುಗ ಕೂರಿಸಿ ಹೋಗುವ ಮುಂಚೆ ಪಾಸ್‌ವರ್ಡನ್ನು ನೀವೇ ಹಾಕಿ. ಅಂಗಡಿಯ ಹೆಸರು, ಮೊಬೈಲ್ ನಂಬರು ಬೇಡ. ಡೈರಿಯಲ್ಲಿ ಬರೆದಿಡಿ, ಡಿವಿಆರ್ ಮೇಲೆ ಬರೆಯಬೇಡಿ.

ಗಡಿಯಾರದ ಕಡೆ ಯಾರೂ ನೋಡುವುದಿಲ್ಲ. ಕರೆಂಟು ಹೋಗಿ ಬಂದು ಡಿವಿಆರ್‌ನ ವೇಳೆ ಹಿಂದೆ ಬಿದ್ದಿದ್ದರೆ, ಒಳಗಿನ ಬಟನ್ ಸೆಲ್ ಸತ್ತಿದ್ದರೆ, ಎರಡಕ್ಕೆ ಬಂದ ಕಳ್ಳ ಹನ್ನೆರಡಕ್ಕೆ ಬಂದಂತೆ ದಾಖಲಾಗುತ್ತಾನೆ. ನಾನು ಮಾವನಿಗೆ ಒಂದು ಸುಲಭದ ದಾರಿ ಹೇಳಿದೆ. ವಾರಕ್ಕೊಮ್ಮೆ ಯಾರಾದರೂ ಗಿರಾಕಿ ಮೊಬೈಲಿನಿಂದ ದುಡ್ಡು ಹಾಕಿದಾಗ ಬಂದ ಸಂದೇಶದ ವೇಳೆಯನ್ನೂ ಅದೇ ಗಿರಾಕಿ ಕ್ಯಾಮೆರಾದಲ್ಲಿ ನಿಂತ ವೇಳೆಯನ್ನೂ ಹೊಂದಿಸಿ ನೋಡುವುದು.

ಇದು ಯಾಕೆ ಮುಖ್ಯ ಎಂದರೆ ಕಡೆಗೆ ಇದೆಲ್ಲ ಕೋರ್ಟಿಗೆ ಹೋಗುವ ಸಾಕ್ಷ್ಯ. ಟಿವಿ ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿ ವಾಟ್ಸಾಪಿಗೆ ಬಿಡುವುದು ನಮ್ಮಲ್ಲಿ ರೂಢಿ. ಊರಿಗೆ ಸುದ್ದಿ ಮುಟ್ಟಿಸಲು ಅದು ಸಾಕು, ನ್ಯಾಯಾಲಯಕ್ಕೆ ಸಾಲದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಉಪಕರಣದ ಹೊಣೆ ಹೊತ್ತವರು, ಇನ್ನೊಂದಕ್ಕೆ ಪರಿಣತರು ಸಹಿ ಹಾಕಬೇಕು, ಕಡತದ ಹ್ಯಾಶ್ ಸಂಖ್ಯೆಯೂ ಅದರಲ್ಲಿರಬೇಕು. ಒಂದು ಅಕ್ಷರದಷ್ಟು ತಿದ್ದಿದರೂ ಬದಲಾಗುವ ಬೆರಳಚ್ಚು ಆ ಸಂಖ್ಯೆ. ಕಳವಾದ ದಿನವೇ ಡಿವಿಆರ್‌ನಿಂದ ನೇರವಾಗಿ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ, ಡಿವಿಆರನ್ನು ಹಾಗೇ ಇಡಿ, ಠಾಣೆಯವರು ಕೇಳಿದಾಗ ಕೊಡಿ. ಆ ಡಿವಿಆರ್ ಗಲ್ಲಾದ ಕೆಳಗೇ ಕಣ್ಣಿಗೆ ಕಾಣುವಂತಿದ್ದರೆ ಕಳ್ಳ ಮೊದಲು ಅದನ್ನೇ ಹೊರುತ್ತಾನೆ. ಗಾಳಿಯಾಡುವ ತೂತುಗಳಿರುವ ಕಬ್ಬಿಣದ ಪೆಟ್ಟಿಗೆಯಲ್ಲಿ, ಒಳಕೋಣೆಯಲ್ಲಿ ಇಟ್ಟು ಬೀಗ ಹಾಕಿ. ಪೂರಾ ಮುಚ್ಚಿದರೆ ನಮ್ಮ ಏಪ್ರಿಲ್ ಬಿಸಿಲಿಗೆ ಅದು ಬೇಯುತ್ತದೆ.

ಹೊಲದ ಕಣಕ್ಕೆ, ಬಣವೆಗೆ, ಬೋರಿನ ಮೋಟರಿಗೆ ಕ್ಯಾಮೆರಾ ಬೇಕೆನ್ನುವವರಿಗೆ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ಇದೆ. ಬ್ಯಾಟರಿ ಉಳಿಸಲು ಅದು ಏನಾದರೂ ಅಲುಗಿದಾಗ ಮಾತ್ರ ಎದ್ದು ಬರೆಯುತ್ತದೆ, ಸದಾ ಕಾಯುವುದಿಲ್ಲ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟದ್ದು ಸುಮ್ಮನೆ ಅಲ್ಲ. ಆಷಾಢದ ಆ ಗಾಳಿಗೆ ತೆಳು ಕಂಬ ತೂಗಿದರೆ ಕ್ಯಾಮೆರಾಕ್ಕೆ ಇಡೀ ಹೊಲವೇ ಅಲುಗಿದಂತೆ ಕಂಡು ನಿಮ್ಮ ಮೊಬೈಲು ರಾತ್ರಿಯಿಡೀ ಬಡಿದುಕೊಳ್ಳುತ್ತದೆ. ದಪ್ಪ ಪೈಪು, ಗಟ್ಟಿ ಬುಡ. ಶ್ರಾವಣದ ಜಿಟಿಜಿಟಿಯಲ್ಲಿ ಪ್ಯಾನೆಲ್ ಸೊರಗುತ್ತದೆ ಎಂಬುದೂ ಗೊತ್ತಿರಲಿ.

ಯಾವ ಕ್ಯಾಮೆರಾವೂ ಎದುರುಮನೆಯ ಬಾಗಿಲೊಳಗೆ, ಹೆಂಗಸರು ಬಟ್ಟೆ ಒಗೆಯುವ ನಲ್ಲಿಯ ಕಟ್ಟೆಗೆ ಮುಖ ಮಾಡಬಾರದು. ತಿರುಗಿಸಲು ಆಗದಿದ್ದರೆ ಡಿವಿಆರ್‌ನಲ್ಲೇ ಆ ಭಾಗಕ್ಕೆ ಕಪ್ಪು ಪಟ್ಟಿ ಎಳೆಯುವ ಸೌಲಭ್ಯವಿದೆ, ಹುಡುಗನಿಗೆ ಹೇಳಿ ಮಾಡಿಸಿ.

ಎಲ್ಲ ಮುಗಿದ ಮೇಲೆ ಹುಡುಗನಿಗೆ ಪೂರ್ತಿ ದುಡ್ಡು ಕೊಡಬೇಡಿ, ಒಂದು ರಾತ್ರಿ ಕಾಯಿಸಿ. ಹಗಲು ಎಲ್ಲ ಕ್ಯಾಮೆರಾವೂ ಚೆಂದವೇ. ನಾವು ರಾತ್ರಿ ಹನ್ನೊಂದಕ್ಕೆ ದೀಪವೆಲ್ಲ ಆರಿಸಿದೆವು. ನಾನೇ ಕಳ್ಳನಾದೆ. ಹಗ್ಗದ ಮೇಲಿದ್ದ ಟಾವೆಲ್ಲೊಂದನ್ನು ತಲೆಗೆ ಸುತ್ತಿ, ಹಿತ್ತಲ ಗೋಡೆ ಹಾರಿ, ಹೊಟ್ಟಿನ ಚೀಲವೊಂದನ್ನು ಹೊತ್ತು ಬಾಗಿಲು ದಾಟಿದೆ. ಒಳಗೆ ಬಂದಾಗ ಮಾವ, ಅತ್ತೆ, ಹುಡುಗ ಮೂವರೂ ಟಿವಿ ಮುಂದೆ ಕೂತಿದ್ದರು. ಚಿತ್ರ ನಿಲ್ಲಿಸಿದ್ದರು. ಮೂಗು, ಮೀಸೆ, ಕನ್ನಡಕ ಎಲ್ಲ ನಂದೇ, ಬಣ್ಣದಲ್ಲಿ. ಅತ್ತೆ ಮಾತ್ರ ಮುಖ ನೋಡುತ್ತಿರಲಿಲ್ಲ.

"ಈ ಟಾವೆಲ್ ಇವತ್ತ ಒಗದ ಹಾಕಿದ್ದೆನಲ್ಲೋ, ಹೊಟ್ಟಿನ ಚೀಲಕ್ಕ ಹಚ್ಚಿದ್ಯಾ?"

ಮಾವ ಎದ್ದು ಗಲ್ಲಾ ತೆರೆದು ಹುಡುಗನ ಬಾಕಿ ಎಣಿಸತೊಡಗಿದರು.